ಮಾಸು ಹೂಳುವುದಕ್ಕೆ ಮುಂಚೆ

ಬಸುರಿಯರಿಗೆ ಸಕ್ಕರೆ ನೀರು ಕುಡಿಸಿ ರಕ್ತ ತೆಗೆಯುವ ಪರೀಕ್ಷೆ ಇದೆಯಲ್ಲ, ಅದನ್ನು ಕಂಡುಹಿಡಿದವನು ಗಂಡಸೇ ಇರಬೇಕು, ನನಗೆ ಖಾತ್ರಿ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ದೊಡ್ಡ ಗ್ಲಾಸಿನ ತುಂಬ ಗ್ಲೂಕೋಸು ಕೊಟ್ಟು, ಗಟಗಟ ಕುಡಿ, ವಾಂತಿ ಮಾಡಬೇಡ, ಎದ್ದು ಓಡಾಡಬೇಡ, ಇಲ್ಲೇ ಬೆಂಚಿನ ಮೇಲೆ ಸುಮ್ಮನೆ ಕೂತಿರು ಎಂದು ಹೇಳುವುದು ಹೆತ್ತವಳಿಗೆ ಹೊಳೆಯುವ ಮಾತಲ್ಲ. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಹಾಗೆ ಕೂತಿದ್ದೆ. ಎದುರಿನ ಗೋಡೆಗೆ ಗುಂಡುಗುಂಡಾದ ಕೂಸಿನ ಚಿತ್ರ ಅಂಟಿಸಿದ್ದರು. ಅದನ್ನು ನೋಡಬಾರದು ಎಂದು ನೆಲ ನೋಡುತ್ತಿದ್ದೆ.

ನನ್ನ ಮೊದಲ ಕೂಸು ಹಾಗೇ ಇತ್ತು. ಗಂಡು. ಉಬ್ಬಿದ ಕೆನ್ನೆ, ಮಡಿಕೆ ಬಿದ್ದ ತೊಡೆ. ಒಂಬತ್ತು ತುಂಬಿದ ಮೇಲೆ ಒಂದು ದಿನ ಹೊಟ್ಟೆಯೊಳಗೆ ಅಲುಗುವುದನ್ನು ನಿಲ್ಲಿಸಿತು. ಹುಟ್ಟಿದಾಗ ಉಸಿರಿರಲಿಲ್ಲ. ನೋಡಲು ಬಂದವರೆಲ್ಲ ‘ಎಂಥಾ ಚೊಲೋ ಕೂಸು’ ಅಂದರು, ಸತ್ತ ಕೂಸನ್ನು ನೋಡಿ. ಯಾಕೆ ಹೀಗಾಯಿತು ಎಂದು ಕೇಳಿದ್ದಕ್ಕೆ ಒಬ್ಬರು ಮೇಲಕ್ಕೆ ಕೈ ತೋರಿಸಿದರು, ಇನ್ನೊಬ್ಬರು ಬಸ್ಸಿಗೆ ಕೈ ತೋರಿಸಿದರು. ಆಗ ನಾನು ಗುಡೇಕೋಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಕೊಟ್ಟೂರಿನ ಗಂಡನ ಮನೆಯಿಂದ ಕೂಡ್ಲಿಗಿಗೆ ಒಂದು ಬಸ್ಸು, ಅಲ್ಲಿಂದ ಗುಡೇಕೋಟೆಗೆ ಇನ್ನೊಂದು. ‘ಬಸ್ಸಿನ ಕುಲುಕಾಟಕ್ಕ ಹೋತು’ ಎಂದು ಓಣಿಯವರು ತೀರ್ಪು ಕೊಟ್ಟರು. ಕುಲುಕಾಟಕ್ಕೆ ಕೂಸು ಸಾಯುವುದಾದರೆ ನಮ್ಮ ಕಡೆ ಒಂದು ಕೂಸೂ ಹುಟ್ಟುತ್ತಿರಲಿಲ್ಲ ಎಂದು ಕೂಗಬೇಕೆನಿಸಿತ್ತು. ಕೂಗಲಿಲ್ಲ. ಕೊಟ್ಟೂರಿಗೆ ವರ್ಗ ಮಾಡಿಸಿಕೊಂಡೆ.

ಈಗ ಎರಡನೇ ಬಸುರು. ಈ ಕೂಸು ಬದುಕಬೇಕು. ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ರಿಪೋರ್ಟು ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು, “ಶುಗರ್ ಐತಮ್ಮ. ಬಸುರಿದ್ದಾಗ ಬರೋ ಶುಗರ್ ಇದು. ಬಹಳ ಮಂದಿಗೆ ಹೆರಿಗಿ ಆದಮ್ಯಾಲೆ ಹೋಗತೈತಿ. ಅಲ್ಲೀತನ ಹುಷಾರಾಗಿರಬೇಕು” ಅಂದರು.

“ನಮ್ಮ ಮನ್ಯಾಗ ಯಾರಿಗೂ ಶುಗರ್ ಇಲ್ರಿ” ಅಂದೆ, ಅವರೇ ತಂದು ಹಚ್ಚಿದ ಹಾಗೆ ಸಿಟ್ಟಿನಿಂದ.

“ನಿಮ್ಮ ಮನ್ಯಾಗ ಬಸುರಿ ಇರಾಕಿ ನೀನೊಬ್ಬಾಕೆ ಅಲ್ಲೇನು? ಮನಿ ಮಂದಿ ಸುದ್ದಿ ಯಾಕ?”

ಪಕ್ಕದಲ್ಲಿ ನಮ್ಮತ್ತೆ ಕೂತಿದ್ದಳು. ಹಣೆ ತುಂಬ ವಿಭೂತಿ, ಮಡಿಲಲ್ಲಿ ಚೀಲ. ನಾನು ಕೇಳಬಾರದು ಅಂದುಕೊಂಡಿದ್ದ ಪ್ರಶ್ನೆ ಬಾಯಿಂದ ಬಂದೇಬಿಟ್ಟಿತು: “ಹಂಗಾರ ಮೊದಲನೇದೂ ಇದಕ್ಕ ಹೋತೇನ್ರಿ?”

“ಇರಬಹುದು. ಶುಗರ್ ಜಾಸ್ತಿ ಇದ್ರ ಕೂಸು ದಪ್ಪ ಬೆಳೀತೈತಿ, ಕಡೀಗೆ ಹಿಂಗಾಗೋದೂ ಐತಿ. ಆದ್ರ ಆಗ ಯಾರೂ ನೋಡಿಲ್ಲ ಅಂದಮ್ಯಾಲೆ ಈಗ ಹೆಂಗ ಹೇಳಾಕ ಬರತೈತಿ?”

ಆ ಸಲ ಈ ಪರೀಕ್ಷೆಗೆ ಚೀಟಿ ಬರೆದುಕೊಟ್ಟಿದ್ದರೂ ನಾನು ಹೋಗಿರಲಿಲ್ಲ. ಬೇಸಿಗೆ, ಬಸ್ಸು, ಶಾಲೆಯ ಮಕ್ಕಳ ಪರೀಕ್ಷೆಯ ಪೇಪರುಗಳ ರಾಶಿ. ಅತ್ತೆಯೂ ಬೇಡ ಅಂದಿರಲಿಲ್ಲ, ಬೇಕು ಅಂದಿರಲಿಲ್ಲ. ಆಸ್ಪತ್ರೆಯಿಂದ ಕೊಟ್ಟೂರಿಗೆ ಬರುವ ದಾರಿಯುದ್ದಕ್ಕೂ ಆಕೆ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ಹಡಗಲಿಯ ಮಲ್ಲಿಗೆಯ ಬುಟ್ಟಿಗಳನ್ನು ಇಟ್ಟಿದ್ದರು, ಆ ವಾಸನೆ ತಾಳದೆ ನಾನು ಕಿಟಕಿಯ ಗಾಜು ಸರಿಸಿದೆ. ಸೊಸೆಯ ಮೈಯೇ ಸರಿಯಿಲ್ಲ ಎಂದು ಮನಸ್ಸಿನಲ್ಲೇ ಗೊಣಗುತ್ತಿದ್ದಾಳೆ ಅಂದುಕೊಂಡೆ. ಅಂದುಕೊಂಡು ನಾನೂ ಮುಖ ತಿರುಗಿಸಿದೆ.

ಮನೆಗೆ ಬಂದವಳೇ ಆಕೆ ಅಡುಗೆಮನೆಗೆ ನುಗ್ಗಿದಳು. ಅಕ್ಕಿಯ ಡಬ್ಬಿ ಪಕ್ಕದ ಮನೆಗೆ ಹೋಯಿತು. ಬೆಲ್ಲ ಹೋಯಿತು, ಸಕ್ಕರೆ ಹೋಯಿತು, ಅಟ್ಟದ ಮೇಲೆ ಹಣ್ಣಾಗುತ್ತಿದ್ದ ಬಾಳೆಗೊನೆಯೂ ಹೋಯಿತು. ನಮ್ಮ ಮನೆಯವರು ಮುಂದಿನ ಕೋಣೆಯಲ್ಲಿ ಬೋರ್‌ವೆಲ್ ಮೋಟರು ರಿಪೇರಿಯ ಅಂಗಡಿ ಇಟ್ಟಿದ್ದಾರೆ. ಸಂಜೆ ಚಹಾ ಬಾಯಿಗಿಟ್ಟು ಥೂ ಎಂದು ಉಗಿದರು.

“ಯವ್ವಾ, ಶುಗರ್ ಬಂದಿದ್ದು ಆಕಿಗೆ, ನನಗಲ್ಲ.”

“ಬಾಯಿ ಮುಚ್ಚಿಗೆಂಡು ಕುಡಿ. ಮನ್ಯಾಗ ಸಕ್ಕರಿ ಇದ್ರ ಆಕಿ ಕಣ್ಣಿಗೆ ಬೀಳತೈತಿ.”

ಸಕ್ಕರೆ ಡಬ್ಬಿಯ ಹಿಂದೆ ಬಿದ್ದ ಬೆಕ್ಕೇನು ನಾನು? ಸಿಟ್ಟು ನೆತ್ತಿಗೇರಿತು. ಆದರೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನುಂಗಿದೆ. ರೊಟ್ಟಿ ಒಂದಕ್ಕೆ ಇಳಿಯಿತು, ಹೆಸರುಕಾಳು, ಮಡಕೆಕಾಳು, ಪುಂಡಿಪಲ್ಯ ಏರಿದವು. ಅನ್ನದ ಮುಖ ನೋಡಲಿಲ್ಲ. ಊಟವಾದ ಮೇಲೆ ಅಂಗಳದಲ್ಲಿ ಗಾಣದ ಎತ್ತಿನ ಹಾಗೆ ಸುತ್ತು ಹಾಕಿದೆ. ಇಷ್ಟಾದರೂ ಬೆರಳು ಚುಚ್ಚಿ ನೋಡಿದಾಗಲೆಲ್ಲ ಸಕ್ಕರೆ ಏರುತ್ತಲೇ ಇತ್ತು. ಬೆಳಿಗ್ಗೆ ಆ ಪುಟ್ಟ ಯಂತ್ರದಲ್ಲಿ ಅಂಕಿ ಮೂಡುವವರೆಗಿನ ಆ ಐದು ಸೆಕೆಂಡನ್ನು ನಾನು ಒಂದೊಂದಾಗಿ ಎಣಿಸುತ್ತಿದ್ದೆ.

ಡಾಕ್ಟರಮ್ಮ ಬೈದರು. “ಏನ್ ತಿಂತೀ ಹೇಳು. ಒಂದೂ ಬಿಡದಂಗ ಹೇಳು.” ನಾನು ಶಿವನಾಣೆ ಒಂದೂ ಬಿಡದೆ ಹೇಳಿದೆ. ರೊಟ್ಟಿ, ಕಾಳು, ಸೊಪ್ಪು, ಮಜ್ಜಿಗೆ, ಸಕ್ಕರೆಯಿಲ್ಲದ ಚಹಾ. ಅವರಿಗೂ ತಿಳಿಯಲಿಲ್ಲ. ಇನ್ನೊಂದು ವಾರ ನೋಡೋಣ, ಇಳಿಯದಿದ್ದರೆ ಇನ್ಸುಲಿನ್ ಅಂದರು. ಸೂಜಿಗೆ ನಾನು ಹೆದರಲಿಲ್ಲ. ಏನೂ ತಿನ್ನದವಳ ಮೈಯೊಳಗೆ ಇಷ್ಟು ಸಕ್ಕರೆ ಎಲ್ಲಿಂದ ಬರುತ್ತಿದೆ, ಅದು ಕೂಸಿಗೆ ಏನು ಮಾಡುತ್ತಿದೆ ಎಂದು ಹೆದರಿದೆ.

ಇಲ್ಲಿ ನಮ್ಮ ಕಡೆಯ ಒಂದು ಸಂಗತಿ ಹೇಳಬೇಕು. ಹರಪನಹಳ್ಳಿಯಿಂದ ಹಡಗಲಿಯವರೆಗೆ ಯಾವ ಮನೆಗೆ ಹೋದರೂ ಮಂಡಕ್ಕಿ ಇರುತ್ತದೆ. ಬೆಳಿಗ್ಗೆ ಅದನ್ನು ನೀರಲ್ಲಿ ತೋಯಿಸಿ ಹಿಂಡಿ ವಗ್ಗರಣಿ ಹಾಕುತ್ತಾರೆ, ಪಕ್ಕಕ್ಕೆ ಮಿರ್ಚಿ. ಸಂಜೆ ಅದಕ್ಕೇ ಖಾರ, ಎಣ್ಣೆ, ಉಳ್ಳಾಗಡ್ಡಿ ಕಲಸುತ್ತಾರೆ. ಆದರೆ ಮಂಡಕ್ಕಿ ತಿಂದದ್ದು ನಮ್ಮಲ್ಲಿ ತಿಂದ ಲೆಕ್ಕಕ್ಕೇ ಬರುವುದಿಲ್ಲ. ‘ಊಟ ಆತೇನ್ರಿ?’ ಎಂದು ಕೇಳಿ ನೋಡಿ. ಗಂಗಾಳದ ತುಂಬ ವಗ್ಗರಣಿ ಮುಗಿಸಿ ಕೈ ತೊಳೆಯುತ್ತಿರುವವನೂ ‘ಇನ್ನೂ ಏನೂ ತಿಂದಿಲ್ರಿ, ಬರೇ ಮಂಡಕ್ಕಿ’ ಎನ್ನುತ್ತಾನೆ. ಜ್ವರ ಬಂದರೆ ಮಂಡಕ್ಕಿ, ಹೊಟ್ಟೆ ಕೆಟ್ಟರೆ ಮಂಡಕ್ಕಿ. ಅದು ಹಗುರ. ಗಾಳಿ. ಗಾಳಿ ತಿಂದರೆ ಯಾರಿಗೇನು ಆಗುತ್ತದೆ?

ನಾನಂತೂ ಹುಟ್ಟಿದ್ದೇ ಮಂಡಕ್ಕಿ ಭಟ್ಟಿಯ ಮನೆಯಲ್ಲಿ, ಹರಪನಹಳ್ಳಿಯಲ್ಲಿ. ಉಪ್ಪುನೀರು ಹಾಕಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದರೆ ಚಟಚಟ ಅರಳುವುದನ್ನು ನೋಡುತ್ತಲೇ ಬೆಳೆದವಳು. ಮಗಳಿಗೆ ಅನ್ನ ಬಿಡಿಸಿದ್ದಾರೆ ಎಂಬ ಸುದ್ದಿ ತಿಳಿದದ್ದೇ ನಮ್ಮಪ್ಪ ದೊಡ್ಡ ಚೀಲ ಮಂಡಕ್ಕಿ ಬಸ್ಸಿಗೆ ಹಾಕಿ ಕಳಿಸಿದ. ‘ಅನ್ನ ಬಿಟ್ಟ ಮಗಳು ಉಪಾಸ ಇರಬಾರದು, ಹಸಿವಾದಾಗೆಲ್ಲ ತಿನ್ನಲಿ’ ಎಂದು ಫೋನು ಮಾಡಿದ. ಅತ್ತೆ ಆ ಚೀಲವನ್ನು ಔಷಧಿ ಬಂದಷ್ಟು ಭಕ್ತಿಯಿಂದ ಒಳಗಿಟ್ಟುಕೊಂಡಳು. ಬೆಳಿಗ್ಗೆ ವಗ್ಗರಣಿ, ಶಾಲೆಗೆ ಡಬ್ಬಿಯಲ್ಲಿ ವಗ್ಗರಣಿ, ಸಂಜೆ ಬಂದರೆ ಖಾರ ಮಂಡಕ್ಕಿ.

ಇದನ್ನು ಹಿಡಿದವಳು ಹೊರಗಿನ ಒಂದು ಹುಡುಗಿ. ಮೈಸೂರು ಕಡೆಯವಳು, ಯಾವುದೋ ವೈದ್ಯಕೀಯ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ನೀಲಿ ಐಸ್ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಜೊತೆ ಕೂರುತ್ತಿದ್ದಳು. ಒಂದು ದಿನ ಅತ್ತೆ ಡಬ್ಬಿ ಬಿಚ್ಚಿ ನನಗೊಂದಿಷ್ಟು ವಗ್ಗರಣಿ ಕೊಟ್ಟು, ಆ ಹುಡುಗಿಯ ಕೈಗೂ ಹಾಕಿದಳು.

“ಇದೇನಜ್ಜಿ?”

“ಏನಿಲ್ಲವ್ವ, ಮಂಡಕ್ಕಿ.”

ಹುಡುಗಿ ಬಾಯಿಗೆ ಹಾಕಿಕೊಂಡು, ನನ್ನನ್ನು ನೋಡಿ, ಅನುಮಾನದಿಂದ ಕೇಳಿದಳು: “ಅಕ್ಕ, ಇದೂ ಅಕ್ಕೀನೇ ಅಲ್ವಾ? ಇದನ್ನ ತಿಂದ್ರೆ ಶುಗರ್ ಅನ್ನಕ್ಕಿಂತ ಬೇಗ ಏರುತ್ತಲ್ಲ?”

ಅಯ್ಯೋ ನನ್ನ ಹಣೆಬರಹವೇ! ಭಟ್ಟಿಯಲ್ಲಿ ಹುಟ್ಟಿದವಳು, ಮಕ್ಕಳಿಗೆ ಪಿಷ್ಟ ಎಂದರೇನು ಎಂದು ಬೋರ್ಡಿನ ಮೇಲೆ ಬರೆಸುವವಳು, ಬಾಯಿ ತುಂಬ ಅಕ್ಕಿ ಇಟ್ಟುಕೊಂಡು ಕೂತಿದ್ದೆ. ಡಾಕ್ಟರಮ್ಮ ಕೇಳಿದಾಗ ಮುಚ್ಚಿಟ್ಟಿರಲಿಲ್ಲ, ಅದು ನೆನಪಿಗೇ ಬಂದಿರಲಿಲ್ಲ. ಉಗುಳಲೋ ನುಂಗಲೋ ತಿಳಿಯದೆ ಕಣ್ಣಲ್ಲಿ ನೀರು ಬಂತು. ಅತ್ತೆಯ ಮುಖ ಸುಣ್ಣ ಬಳಿದ ಹಾಗಾಯಿತು. ಡಬ್ಬಿಯ ಮುಚ್ಚಳ ಹಾಕಿ ಚೀಲದ ತಳಕ್ಕೆ ತುರುಕಿದಳು.

ಅವತ್ತೇ ಮಂಡಕ್ಕಿ ನಿಂತಿತು, ಇನ್ಸುಲಿನ್ ಶುರುವಾಯಿತು. ಡಾಕ್ಟರಮ್ಮ ಹಣೆ ಹಣೆ ಬಡಿದುಕೊಂಡರು, ಆಮೇಲೆ ನಕ್ಕರು. “ನಾನೂ ಇದ ಊರಾಗ ಹುಟ್ಟೀನಿ, ನನಗೂ ಮಂಡಕ್ಕಿ ಅಂತ ಕೇಳಬೇಕು ಅನಿಸಲಿಲ್ಲ ನೋಡು.” ಸಕ್ಕರೆ ನಿಧಾನಕ್ಕೆ ಇಳಿಯಿತು. ನನ್ನ ಹೆದರಿಕೆ ಇಳಿಯಲಿಲ್ಲ. ಇಷ್ಟು ದಿನ ಏರಿದ್ದು ಒಳಗೆ ಏನು ಮಾಡಿಹೋಗಿದೆಯೋ ಯಾರಿಗೆ ಗೊತ್ತು?

ಆ ಹುಡುಗಿಯನ್ನೇ ಹಿಡಿದು ಕೇಳಿದೆ. “ಆ ಪೆಟ್ಟಿಗ್ಯಾಗ ಏನ್ ಒಯ್ತೀ?”

“ಜರಾಯು ಅಕ್ಕ. ಹೆರಿಗೆ ಆದ್ಮೇಲೆ ಬರುತ್ತಲ್ಲ, ಮಾಸು. ಶುಗರ್ ಇರೋರದೂ ಇಲ್ಲದೋರದೂ ತಗೊಂಡು, ಅದರಲ್ಲಿ ಉರಿಯೂತದ ಪ್ರೋಟೀನುಗಳು ಎಷ್ಟಿವೆ ಅಂತ ನೋಡ್ತೀವಿ.”

ಜರಾಯು ಎಂದರೆ ನನಗೆ ಗೊತ್ತಿದ್ದದ್ದು ಪಾಠ. ಅಮ್ಮನ ರಕ್ತದಿಂದ ಕೂಸಿಗೆ ಅನ್ನ, ಗಾಳಿ ದಾಟಿಸುವ ಒಂದು ಬಿಲ್ಲೆ. ಹತ್ತನೇ ಕ್ಲಾಸಿಗೆ ಎಷ್ಟೋ ವರ್ಷದಿಂದ ಅದರ ಚಿತ್ರ ಬರೆದಿದ್ದೇನೆ, ಗುಲಾಬಿ ಚಾಕ್‌ಪೀಸಿನಲ್ಲಿ. ಅದು ಸುಮ್ಮನೆ ದಾಟಿಸಿಕೊಂಡು ಕೂರುವುದಿಲ್ಲ, ತಾನೂ ಕೆಲಸ ಮಾಡುತ್ತದೆ ಎಂದು ಆ ಹುಡುಗಿ ಹೇಳಿದಳು. ಅಮ್ಮನ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುವ ಹಾರ್ಮೋನುಗಳೂ ಅಲ್ಲಿಂದಲೇ ಹೊರಡುತ್ತವಂತೆ. ಸಕ್ಕರೆ ಹೆಚ್ಚಾದಾಗ ಅದರ ಜೀವಕೋಶಗಳು ಕೆಲವು ಪ್ರೋಟೀನುಗಳನ್ನು ಬಿಡುತ್ತವೆ, ಇಂಟರ್‌ಲ್ಯೂಕಿನ್ ಅಂತ ಒಂದು ಗುಂಪು, ಇನ್ನೂ ಬೇರೆ ಬೇರೆ. ಗಾಯವಾದಾಗ ಮೈ ಹೇಗೆ ಕೆಂಪಗಾಗಿ ಬಿಸಿಯಾಗುತ್ತದೋ ಆ ಕೆಲಸಕ್ಕೆ ಕರೆ ಕೊಡುವ ಪ್ರೋಟೀನುಗಳು ಅವು.

“ಅಂದ್ರ, ಓಣ್ಯಾಗ ಯಾರೋ ಕಳ್ಳ ಬಂದ ಅಂತ ಒದರಿದಂಗ” ಅಂದೆ. “ಕಳ್ಳ ಇಲ್ಲ ಏನಿಲ್ಲ, ಎಲ್ಲರೂ ಬಡಿಗಿ ಹಿಡಕೊಂಡು ಹೊರಗ ಬರ್ತಾರ, ಕತ್ತಲ್ಯಾಗ ತಮ್ಮ ಮನಿ ಬಾಗಿಲನ್ನ ತಾವ ಮುರೀತಾರ.”

“ಹೂಂ ಅಕ್ಕ, ಹೆಚ್ಚುಕಮ್ಮಿ ಹಾಗೇ. ಆದ್ರೆ ಎಲ್ಲರದರಲ್ಲೂ ಒಂದೇ ಥರ ಇರಲ್ಲ. ಯಾವ ಕೂಗು ಕೂಸಿಗೆ ತೊಂದರೆ ಮಾಡುತ್ತೆ, ಯಾವುದು ಮಾಡಲ್ಲ, ಇನ್ನೂ ಸರಿಯಾಗಿ ಗೊತ್ತಿಲ್ಲ.”

“ನಂದರಾಗ ಈಗ ಏನ್ ನಡದೈತಿ? ನೋಡಿ ಹೇಳು.”

“ಈಗ ಕಾಣಲ್ಲ ಅಕ್ಕ. ಹೆರಿಗೆ ಆದ್ಮೇಲೇ ನೋಡೋಕಾಗೋದು.”

ರೇಗಿಬಿಟ್ಟೆ. “ಎಲ್ಲಾ ಮುಗದಮ್ಯಾಲೆ ನೋಡಿ ಏನ್ ಮಾಡ್ತಿ? ನನ್ನ ಕೂಸಿಗೆ ಅದರಿಂದ ಏನ್ ಬಂತು?”

ಬೇರೆಯವರಾಗಿದ್ದರೆ ಏನಾದರೂ ಸಮಾಧಾನ ಹೇಳುತ್ತಿದ್ದರು. ಆ ಹುಡುಗಿ ತಲೆ ತಗ್ಗಿಸಿ, “ನಿಮಗೆ ಏನೂ ಉಪಯೋಗ ಇಲ್ಲ ಅಕ್ಕ. ಸುಳ್ಳು ಹೇಳಲ್ಲ” ಅಂದಳು. ಆ ಮಾತಿಗೆ ನನ್ನ ಸಿಟ್ಟು ಜರ್ರನೆ ಇಳಿಯಿತು. ನನ್ನ ಮಾಸು ತೆಗೆದುಕೋ ಎಂದು ಸಹಿ ಹಾಕಿದೆ. ಆದರೆ ಮನೆಯಲ್ಲಿ ಹಿರಿಯಳು ಒಪ್ಪದಿದ್ದರೆ ಬಿಟ್ಟುಬಿಡು ಎಂದೂ ಹೇಳಿದೆ. ಕೊನೆಯ ಗಳಿಗೆಯಲ್ಲೂ ಬೇಡ ಅನ್ನಬಹುದು, ಕೇಳದೆ ಮುಟ್ಟುವುದಿಲ್ಲ ಎಂದು ಹುಡುಗಿ ಅಂದಳು.

ಹಿರಿಯಳು ಒಪ್ಪಲಿಲ್ಲ. ಮನೆಗೆ ಹೋಗಿ ಹೇಳಿದ್ದೇ ತಡ, ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ಮಾಸು ಅಂದ್ರ ಕೂಸಿನ ಜೋಡಿ ಹುಟ್ಟಿದ್ದು. ಅರಿಷಿಣ ಕುಂಕುಮ ಹಚ್ಚಿ, ಬೇವಿನ ತಪ್ಲ ಹಾಕಿ, ಬಚ್ಚಲ ಹಿಂದ ಆಳಕ್ಕ ಹೂಳಬೇಕು. ನಾಯಿ ನರಿ ಮುಟ್ಟಬಾರದು. ಅದನ್ನ ಡಬ್ಬ್ಯಾಗ ಹಾಕ್ಕೊಂಡು ಊರೂರು ತಿರುಗ್ತಾಳಂತ? ಹ್ವಾದ ಸಲ ಅದು ಎಲ್ಲಿ ಹೋತೋ ಏನಾತೋ, ಯಾರೂ ಕೇಳಲಿಲ್ಲ. ಈ ಸಲ ನಾನ ಹೂಳಾಕಿ. ಇನ್ನೊಮ್ಮೆ ಈ ಸುದ್ದಿ ತೆಗೀಬ್ಯಾಡ.”

ತೆಗೆಯಲಿಲ್ಲ. ಜಗಳಕ್ಕೆ ನನ್ನಲ್ಲಿ ಶಕ್ತಿ ಇರಲಿಲ್ಲ. ಎಲ್ಲಾ ಶಕ್ತಿ ಒಂದೇ ಕೆಲಸಕ್ಕೆ ಹೋಗುತ್ತಿತ್ತು, ಕೂಸು ಅಲುಗಿತೋ ಇಲ್ಲವೋ ಎಂದು ಕಾಯುವುದಕ್ಕೆ. ಪಾಠ ಮಾಡುತ್ತ ಒಂದು ಕೈ ಹೊಟ್ಟೆಯ ಮೇಲೆ, ರೊಟ್ಟಿ ತಿನ್ನುತ್ತ ಒಂದು ಕೈ ಹೊಟ್ಟೆಯ ಮೇಲೆ. ಒದ್ದರೆ ಇಷ್ಟು ಜೋರಾಗಿ ಯಾಕೆ ಒದೆಯಿತು ಎಂದು ಹೆದರಿಕೆ, ಮಲಗಿದರೆ ಯಾಕೆ ಮಲಗಿತು ಎಂದು ಹೆದರಿಕೆ. ಅದೇ ದಿನಗಳಲ್ಲಿ ಹತ್ತನೇ ಕ್ಲಾಸಿಗೆ ಆ ಪಾಠ ಬಂತು. ಬೋರ್ಡಿನ ಮೇಲೆ ಗರ್ಭಕೋಶ ಬರೆದೆ, ಕೂಸು ಬರೆದೆ, ಬಳ್ಳಿ ಬರೆದೆ. ಗುಲಾಬಿ ಚಾಕ್‌ಪೀಸು ಕೈಗೆ ತೆಗೆದುಕೊಂಡು ನಿಂತವಳಿಗೆ ಮುಂದಕ್ಕೆ ಬರೆಯಲು ಆಗಲೇ ಇಲ್ಲ. ಒಳಗೆ ಬಡಿಗೆ ಹಿಡಿದು ಓಡಾಡುವವರು ಕಂಡರು. ‘ಮಿಸ್, ಕುಂದ್ರಿ ಮಿಸ್’ ಎಂದು ಹುಡುಗಿಯರು ಕುರ್ಚಿ ಎಳೆದುಕೊಟ್ಟರು. ಉಳಿದ ಚಿತ್ರ ಅವರೇ ಪುಸ್ತಕ ನೋಡಿ ಬರೆದುಕೊಂಡರು.

ಮನೆಯಲ್ಲಿ ಅತ್ತೆಯ ಕಾಟ ಬೇರೆ. ನಾನು ತಿನ್ನುವಾಗ ಎದುರಿಗೆ ಕೂತು ನನ್ನ ಬಾಯಿ ನೋಡುತ್ತಿದ್ದಳು. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಂಡರೆ ಮುಖ ತಿರುಗಿಸುತ್ತಿದ್ದಳು. ಓಣಿಯಲ್ಲಿ ಒಬ್ಬಾಕೆ ತೊಟ್ಟಿಲ ಶಾಸ್ತ್ರದ ಹೋಳಿಗೆ ತಂದುಕೊಟ್ಟರೆ, ಮುಖ ಮುರಿದ ಹಾಗೆ ಬಾಗಿಲಿಂದಲೇ ವಾಪಸು ಕಳಿಸಿದಳು. ಮೊದಲಿನ ಬಸುರಿನಲ್ಲಿ ‘ತಿನ್ನು ತಿನ್ನು’ ಎಂದು ಬೆನ್ನು ಹತ್ತುತ್ತಿದ್ದ ಹೆಂಗಸು ಇವಳೇನಾ ಅನ್ನಿಸುತ್ತಿತ್ತು. ನನ್ನ ಮೇಲೆ ನಂಬಿಕೆಯಿಲ್ಲ, ಅದಕ್ಕೇ ಕಾವಲು ಕೂತಿದ್ದಾಳೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಒಂಬತ್ತು ತುಂಬುವುದಕ್ಕೆ ಇನ್ನೂ ದಿನಗಳಿದ್ದವು. ಒಂದು ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಊಟ ಮುಗಿಸಿ ಕೂತೆ. ಊಟವಾದ ಮೇಲೆ ಅದು ತಪ್ಪದೆ ಒದೆಯುತ್ತಿತ್ತು. ಒದೆಯಲಿಲ್ಲ. ತಣ್ಣೀರು ಕುಡಿದೆ. ಇಲ್ಲ. ಹೊಟ್ಟೆ ಸವರಿದೆ, ತಟ್ಟಿದೆ, ಬೈದೆ. ಇಲ್ಲ. ಚಪ್ಪಲಿ ಮೆಟ್ಟಿದೆನೋ ಇಲ್ಲವೋ, ಮನೆಯ ಕಡೆ ನಡೆದೆ. ಎಡ ಮಗ್ಗುಲಾಗಿ ಮಲಗಿದೆ. ಅತ್ತೆ ನೆಲಕ್ಕೆ ಕೂತು ನನ್ನ ಹೊಟ್ಟೆಗೆ ಕಿವಿ ಹಚ್ಚಿದಳು. ಮುಂದಿನ ಕೋಣೆಯಲ್ಲಿ ಮೋಟರು ತಿರುಗುವ ಸದ್ದು. “ಲೇ, ಬಂದ್ ಮಾಡಲೇ ಅದನ್ನ!” ಎಂದು ಮಗನಿಗೆ ಕೂಗಿದಳು. ಸದ್ದು ನಿಂತಿತು. ಮತ್ತೆ ಕಿವಿ ಹಚ್ಚಿದಳು. ಎದ್ದು, “ಗಾಡಿ ತೆಗಿ” ಅಂದಳು. ಆ ಮುಖ ನಾನು ಮೊದಲ ಕೂಸು ಹೋದ ದಿನ ನೋಡಿದ್ದೆ, ಅದೇ ಮುಖ.

ಮೋಟರು ಸಾಗಿಸುವ ಗಾಡಿಯಲ್ಲಿ ಮುಂದಿನ ಸೀಟಿಗೆ ಮೂವರೂ ತುರುಕಿಕೊಂಡೆವು. ಕೊಟ್ಟೂರು ದಾಟಿದ ಮೇಲೆ ರಸ್ತೆಗೆ ಅಡ್ಡ ಕುರಿಹಿಂಡು. ನಮ್ಮ ಮನೆಯವರು ಹಾರನ್ನು ಒತ್ತೇ ಒತ್ತಿದರು. ಕುರಿಗಳಿಗೆ ಏನು ಗೊತ್ತು, ಒಂದರ ಬಾಲಕ್ಕೆ ಒಂದು ಮೂತಿ ಇಟ್ಟುಕೊಂಡು ಹೊರಟಿದ್ದವು. “ಹೊಡಕೊಳ್ಳೋ ನಿನ್ನ ಕುರೀನ, ನನ್ನ ಕೂಸು ಸಾಯಾಕ ಹತ್ತೈತಿ!” ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಚೀರಿದೆ. ಕುರಿಯವನು ಹೆದರಿ ಬಡಿಗೆ ಬೀಸಿ ದಾರಿ ಮಾಡಿದ. ಸಾಯುತ್ತಿದೆ ಎಂಬ ಮಾತು ನನ್ನ ಬಾಯಿಂದಲೇ ಬಂದುಬಿಟ್ಟಿತ್ತು. ಅತ್ತೆ ನನ್ನ ಬಾಯಿಯ ಮೇಲೆ ಅಂಗೈ ಇಟ್ಟಳು. ಹಗರಿಬೊಮ್ಮನಹಳ್ಳಿ ಬರುವವರೆಗೂ ತೆಗೆಯಲಿಲ್ಲ.

ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಇಟ್ಟರು. ಮೊದಲು ಬರೀ ಗರಗರ. ಇನ್ನೊಂದು ಕಡೆ ಇಟ್ಟರು. ಬಡಿತ ಕೇಳಿತು.

“ಐತಿ. ಜೀವ ಐತಿ. ಆದರ ಕೂಸು ದಣದೈತಿ, ಬಡಿತ ಇಳೀತೈತಿ. ಕಾಯೋದು ಬ್ಯಾಡ, ತೆಗದುಬಿಡೋಣ.”

ಬೆನ್ನಿಗೆ ಸೂಜಿ ಕೊಟ್ಟರು. ಸೊಂಟದ ಕೆಳಗೆ ನನ್ನದಲ್ಲ ಎಂಬ ಹಾಗಾಯಿತು. ಹಸಿರು ಬಟ್ಟೆಯ ಆಚೆ ಏನೋ ಎಳೆದಾಡಿದರು. ಹೊರಗೆ ತೆಗೆದರು ಎಂದು ಗೊತ್ತಾಯಿತು, ಯಾಕೆಂದರೆ ಎಲ್ಲರೂ ಮಾತು ನಿಲ್ಲಿಸಿದರು. ಅಳು ಬರಲಿಲ್ಲ. ನನಗೆ ಈ ಮೌನ ಗೊತ್ತು. ‘ಅಳು ಕೂಸೇ, ಅಳು’ ಎಂದು ನಾನು ಬಡಬಡಿಸುತ್ತಿದ್ದೆನಂತೆ, ನರ್ಸು ಆಮೇಲೆ ಹೇಳಿದಳು. ಅಲ್ಲಿ ಮೂಲೆಯಲ್ಲಿ ಯಾರೋ ಬೆನ್ನು ತಿಕ್ಕುತ್ತಿದ್ದರು, ಮೂಗಿಗೆ ಗಾಳಿ ಕೊಡುತ್ತಿದ್ದರು. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಸದ್ದು. ಆಮೇಲೆ ಚೀರಾಟ.

ಹೆಣ್ಣು. ದುಂಡಗಿದ್ದಳು. ತೋರಿಸಿದವರೇ ಒಯ್ದುಬಿಟ್ಟರು. ಇಷ್ಟು ದಿನ ನನ್ನಿಂದ ಹೋಗುತ್ತಿದ್ದ ಸಕ್ಕರೆ ಒಮ್ಮೆಲೇ ನಿಂತಿದ್ದಕ್ಕೆ ಅವಳ ಸಕ್ಕರೆ ಕುಸಿಯುತ್ತದೆ, ಹಿಮ್ಮಡಿ ಚುಚ್ಚಿ ನೋಡಬೇಕು, ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು ಅಂದರು. ಬದುಕಿ ಬಂದವಳು ಇನ್ನೂ ಪೂರ್ತಿ ಬಂದಿರಲಿಲ್ಲ.

ಹೊಲಿಗೆ ಹಾಕುವ ಮುಂಚೆ ಡಾಕ್ಟರಮ್ಮ ತಟ್ಟೆಯೊಂದನ್ನು ನನ್ನ ಕಡೆ ವಾಲಿಸಿದರು. “ನೋಡ್ತೀಯೇನು ಟೀಚರ್?” ಮಾಸು. ನಾನು ಬರೆಯುತ್ತಿದ್ದ ಗುಲಾಬಿ ಬಿಲ್ಲೆಯೇ ಅಲ್ಲ ಅದು. ಕಪ್ಪುಗೆಂಪು, ದಪ್ಪ, ಒದ್ದೆ. ಒಂದು ಅಂಚಿನಲ್ಲಿ ಬಿಳಿಚಿಕೊಂಡು ಗಟ್ಟಿಯಾಗಿತ್ತು. “ಈ ಕಡಿ ಸೋತೈತಿ ನೋಡು. ಇಷ್ಟು ದಿನ ಉಳಿದಿದ್ದರಾಗ ನಡಿಸೈತಿ” ಅಂದರು. ನನಗೆ ಅದರ ಮೇಲೆ ಸಿಟ್ಟು ಬರಬೇಕಿತ್ತು. ಪಾಪ ಅನ್ನಿಸಿತು.

ನನ್ನನ್ನು ಹೊರಗಿನ ಕೋಣೆಗೆ ತಂದಾಗ ಆ ಹುಡುಗಿ ಬಾಗಿಲಲ್ಲಿ ನಿಂತಿದ್ದಳು, ಐಸ್ ಪೆಟ್ಟಿಗೆ ಹಿಡಿದುಕೊಂಡು. ಮಾಸು ಇಡಿಯಾಗಿ ಒಳಗಿತ್ತು, ಕತ್ತರಿಸಿರಲಿಲ್ಲ. ಹೊತ್ತಾದರೆ ಕೆಡುತ್ತದೆ, ಆದರೂ ಕೇಳಲು ಕಾದಿದ್ದಳು. ನಮ್ಮ ಮನೆಯವರು ಕೂಸಿನ ಹತ್ತಿರ ಹೋಗಿದ್ದರು. ಅತ್ತೆ ಒಳಗೆ ಬಂದಳು. ಹಣೆಯ ವಿಭೂತಿ ಬೆವರಿಗೆ ಕರಗಿಹೋಗಿತ್ತು. ಈಗ ಇಲ್ಲೇ ಜಗಳ ತೆಗೆಯುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

“ಮುಚ್ಚಳ ತೆಗಿ” ಅಂದಳು ಹುಡುಗಿಗೆ.

ಹುಡುಗಿ ತೆಗೆದಳು. ಅತ್ತೆ ಬಗ್ಗಿ ಬಹಳ ಹೊತ್ತು ನೋಡಿದಳು.

“ತಾಯಿ ಏನ್ ತಿಂದಿದ್ಲು ಅಂಬೋದು ಇದರಾಗ ಕಾಣತೈತೇನವ್ವ?”

“ಹಾಗೆ ಕಾಣಲ್ಲ ಅಜ್ಜಿ. ಸಕ್ಕರೆಯಿಂದ ಇದಕ್ಕೆ ಏನಾಗಿದೆ ಅಂತ ಒಂದಿಷ್ಟು...”

“ಹ್ವಾದ ಸಲದ್ದನ್ನ ನೋಡಿದ್ರ ಕಾಣತಿತ್ತೇನು?”

ಹುಡುಗಿ ನನ್ನ ಮುಖ ನೋಡಿದಳು. ಅತ್ತೆ ನನ್ನ ಕಡೆ ತಿರುಗಿದಳು.

“ದಿನಾ ಮುಂಜಾನಿ ತುಪ್ಪ ಬೆಲ್ಲ ಕಲಸಿ ನಾನ ತಿನಿಸಿದ್ದು. ನೀ ಒಲ್ಲೆ ಒಲ್ಲೆ ಅಂದ್ರೂ ಬಾಯಾಗ ಇಟ್ಟಿದ್ದು. ಕೂಸು ಗುಂಡಗ ಆಗ್ಲಿ ಅಂತ. ಗುಂಡಗ ಆತು. ಎಲ್ಲರೂ ಚೊಲೋ ಕೂಸು ಅಂದ್ರು.” ಸೆರಗನ್ನು ಬಾಯಿಗೆ ತುರುಕಿಕೊಂಡಳು, ಮತ್ತೆ ತೆಗೆದಳು. “ಡಾಕ್ಟರಮ್ಮ ಶುಗರ್ ಅಂದ ದಿನಾನ ನನಗ ತಿಳೀತು. ಈ ಸಲ ಮತ್ತ ಮಂಡಕ್ಕಿ ಹಾಕಿ ಇದನ್ನೂ... ನೀ ಸಾಲಿ ಕಲಿಸಾಕಿ. ನನಗ ಸುಳ್ಳು ಹೇಳಬ್ಯಾಡ. ಅವನ್ನ ನಾನ ಕೊಂದ್ನೇನು?”

ಅಷ್ಟು ತಿಂಗಳು ಆಕೆ ಕಾವಲು ಕೂತದ್ದು ನನ್ನ ಬಾಯಿಗಲ್ಲ, ತನ್ನ ಕೈಗೆ. ನನಗೆ ಅಳು ಒತ್ತರಿಸಿ ಬಂತು, ಅತ್ತರೆ ಹೊಲಿಗೆ ಜಗ್ಗುತ್ತದೆ. ಉತ್ತರ ಏನೆಂದು ಹೇಳಲಿ? ಗೊತ್ತಿಲ್ಲ ಎಂಬುದೇ ಸತ್ಯ. ಆ ತುಪ್ಪ ಬೆಲ್ಲವೋ, ನಾನು ಹೋಗದ ಆ ಪರೀಕ್ಷೆಯೋ, ಒಳಗಿನ ಆ ಕೂಗಾಟವೋ. ಅವನ ಮಾಸನ್ನು ಯಾರೂ ನೋಡಲಿಲ್ಲ, ಇನ್ನು ಯಾರೂ ನೋಡುವ ಹಾಗಿಲ್ಲ. ಎಷ್ಟೋ ಸಲ ಮಲಗಿದಲ್ಲೇ ನಾನೂ ಈ ಲೆಕ್ಕ ಹಾಕಿದ್ದೆ, ಒಮ್ಮೆ ಆಕೆಯ ತಲೆಗೆ ಕಟ್ಟಿ, ಒಮ್ಮೆ ನನ್ನ ತಲೆಗೆ ಕಟ್ಟಿ.

“ಇಲ್ಲ” ಅಂದೆ.

“ಹೆಂಗ ಹೇಳ್ತೀ?”

“ಇಲ್ಲ ಅಂದ್ರ ಇಲ್ಲ, ಅತ್ತಿ. ನೀವಲ್ಲರಿ. ಬರ್ರಿ ಇಲ್ಲಿ.”

ಬಂದಳು. ನನ್ನ ಕೈಗೆ ತಲೆಯಿಟ್ಟು ಸದ್ದಿಲ್ಲದೆ ಅತ್ತಳು. ಆಕೆಯ ತಲೆ ಅಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ. ಹುಡುಗಿ ಪೆಟ್ಟಿಗೆಯ ಮುಚ್ಚಳ ಹಾಕಿ ಗೋಡೆಯ ಕಡೆ ನೋಡುತ್ತ ನಿಂತಳು.

ಅಷ್ಟರಲ್ಲಿ ನರ್ಸು ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಬಂದಳು, ಹಿಂದೆ ನಮ್ಮ ಮನೆಯವರು. “ಸಕ್ಕರಿ ಏರೈತಿ, ಈಗ ಅಡ್ಡಿ ಇಲ್ಲ. ಎದಿಗೆ ಹಚ್ಚಿ ನೋಡ್ರಿ, ಕುಡಿದ್ಲಂದ್ರ ಇನ್ನೂ ಚೊಲೋ” ಅಂದಳು. ಅತ್ತೆ ಕಣ್ಣೊರೆಸಿಕೊಂಡು ಕೂಸಿನ ತಲೆ ನನ್ನ ಎದೆಗೆ ತಿರುಗಿಸಿದಳು. ಅದು ತಡಕಾಡಿತು, ಸಿಟ್ಟು ಮಾಡಿತು, ಆಮೇಲೆ ಹಿಡಿಯಿತು. ನಾವು ಮೂವರೂ ಆ ಪುಟ್ಟ ಗಲ್ಲ ಅಲುಗುವುದನ್ನೇ ನೋಡಿದೆವು.

ಹುಡುಗಿ, ನೀವೇ ಹೂಳಿಕೊಳ್ಳಿ ಎನ್ನುವ ಹಾಗೆ, ಪೆಟ್ಟಿಗೆಯನ್ನು ಅತ್ತೆಯ ಕಾಲ ಬಳಿ ಇಟ್ಟು ಹೊರಡಲು ತಿರುಗಿದಳು.

“ಎಲ್ಲಿಗ್ಹೊಂಟಿ?” ಎಂದು ಅತ್ತೆ ಕರೆದಳು, ಕೂಸಿನ ಮೇಲಿಂದ ಕಣ್ಣು ತೆಗೆಯದೆ. “ತಗಂಡು ಹೋಗು ಅದನ್ನ. ಪೂರ್ತಿ ತಗಂಡು ಹೋಗು. ಚಂದಗ ನೋಡು. ಏನ್ ಕಂಡ್ರೂ ನಮಗ ಬಂದು ಹೇಳಬ್ಯಾಡವ್ವ. ಮುಂದ ಬಸುರಿ ಆಗಾರಿಗೆ ಹೇಳು, ಅವರ ಅತ್ತೆದೇರಿಗೂ ಹೇಳು.”